ಬಾಯಿಬಡುಕಿ ಜ್ವರ

ಆ ಊರಿನಲ್ಲಿ ನೆಗಡಿಯಾದವರು ಬಾಯಿ ಬಿಡುತ್ತಿರಲಿಲ್ಲ. ಮಾಗಿಯ ಚಳಿ ಶುರುವಾಯಿತೆಂದರೆ ಬಸ್ ಸ್ಟ್ಯಾಂಡು, ಬ್ಯಾಂಕು, ತಾಲ್ಲೂಕು ಕಚೇರಿ ಎಲ್ಲ ಕಡೆಯೂ ಜನ ಕೈಸನ್ನೆಯಲ್ಲೇ ವ್ಯವಹಾರ ಮುಗಿಸುತ್ತಿದ್ದರು. ಕಾಯಿಲೆ ಯಾರಿಂದ ಅಂಟಿತೋ ಅವರ ದನಿಯೇ ಅಲ್ಲಿ ಕಾಯಿಲೆಯವರ ಬಾಯಿಂದ ಬರುತ್ತಿತ್ತು. ವಾಸಿಯಾದ ಮೇಲೆ ಅವರವರ ದನಿ ಅವರವರಿಗೆ ವಾಪಸ್ಸು. ನಾನು ಹೋದ ಹೊಸದರಲ್ಲಿ ಹೈಸ್ಕೂಲಿನ ಹೆಡ್‌ಮಾಸ್ಟರು ಮಂಗನಬಾವು ಬಂದು ಊದಿದ ಕೆನ್ನೆಗೆ ಮಫ್ಲರ್ ಸುತ್ತಿಕೊಂಡು, ಶಿಶುವಿಹಾರದ ಮಗುವೊಂದರ ಕೀಚಲು ದನಿಯಲ್ಲಿ "ಎಲ್ರೂ ಕೈ ಕಟ್ಕೊಂಡ್ ಕೂತ್ಕೊಳ್ಳಿ" ಎಂದು ಗದರುತ್ತಿದ್ದುದನ್ನು ಕಿಟಕಿಯಾಚೆಯಿಂದ ಕೇಳಿ ಬಿದ್ದು ಬಿದ್ದು ನಕ್ಕೆ. ಮಕ್ಕಳು ನಗಲಿಲ್ಲ. ಒಬ್ಬಳು ಎದ್ದು ಬಂದು ನನ್ನ ಮುಖಕ್ಕೆ ಕಿಟಕಿ ಹಾಕಿದಳು. ಕಾಯಿಲೆಯವರ ದನಿಗೆ ನಗುವುದು ಅಲ್ಲಿ ಕುಂಟುವವರನ್ನು ನೋಡಿ ನಕ್ಕಷ್ಟೇ ಕೆಟ್ಟದ್ದು.

ದನಿಯ ಗುರುತು ಸಿಕ್ಕರೂ ಯಾರೂ ಹೆಸರೆತ್ತುತ್ತಿರಲಿಲ್ಲ. ಯಾರ ದನಿಯೋ ಅವರ ಮನೆಗೆ ಸುದ್ದಿ ಹೇಗೋ ಮುಟ್ಟುತ್ತಿತ್ತು. ಅವರು ಒಂದು ಪಾತ್ರೆ ಗಂಜಿ ಕಾಯಿಸಿ ಕಳಿಸುತ್ತಿದ್ದರು. ಅದಕ್ಕೆ ದನಿಗಂಜಿ ಎಂದು ಹೆಸರು. ಕುಡಿದವರು ಪಾತ್ರೆಯಲ್ಲಿ ಒಂದು ತುಂಡು ಬೆಲ್ಲ ಹಾಕಿ ವಾಪಸು ಕೊಟ್ಟರೆ ಅಲ್ಲಿಗೆ ಮುಗಿಯಿತು, ಜಗಳವಿಲ್ಲ. ಕಾಲೇಜಿಗೆ ಹೋಗುವ ಮಗಳು ಗಂಟಲುನೋವಿನಲ್ಲಿ ಕಾಮರ್ಸ್ ಲೆಕ್ಚರರ ಗಡಸು ದನಿಯಲ್ಲಿ "ಅಪ್ಪಾ, ಕಷಾಯ" ಎಂದು ಕೇಳಿದರೆ, ಅಪ್ಪನಾದವನು ತೆಪ್ಪಗೆ ಕಷಾಯ ಕೊಟ್ಟು, ಲೆಕ್ಚರರ ಮನೆಯಿಂದ ಗಂಜಿ ಬರುತ್ತದೋ ಇಲ್ಲವೋ ಎಂದು ಬಾಗಿಲಲ್ಲಿ ನಿಂತು ಕಾಯುತ್ತಿದ್ದ. ಬಂದರೆ ಮದುವೆ ಮಾತು. ಹಾಗೆ ಗಂಟಲು ಕೂಡಿ ಗಂಟು ಬಿದ್ದ ಸಂಸಾರಗಳು ಆ ಊರಿನಲ್ಲಿ ಬೇಕಾದಷ್ಟಿದ್ದವು.

ನನ್ನನ್ನು ಅಲ್ಲಿಗೆ ಕಳಿಸಿದ್ದು ನನ್ನ ನಾಲಿಗೆ. ಎಂ.ಎಸ್ಸಿ. ಮುಗಿಸಿ ಸಾಂಕ್ರಾಮಿಕ ರೋಗಗಳ ಮೂಲ ಹುಡುಕುವ ತರಬೇತಿಗೆ ಸೇರಿದ್ದೆ. ಅಂಕಿ-ಅಂಶದ ಪರೀಕ್ಷೆಯಲ್ಲಿ ಅಂಶವನ್ನೆಲ್ಲ ಬರೆದೆ, ಅಂಕ ಬರಲಿಲ್ಲ. ಮಿಮಿಕ್ರಿಯಲ್ಲಿ ಮಾತ್ರ ನಾನೇ ಮೊದಲಿಗ. ಪ್ರೊಫೆಸರು ರಜೆ ಹಾಕಿದ್ದಾರೆಂದು ಯಾರೋ ಹೇಳಿದ ಒಂದು ದಿನ ಕಾರಿಡಾರಿನಲ್ಲಿ ನಿಂತು ಅವರದೇ ದನಿಯಲ್ಲಿ "ಇವತ್ತು ಕ್ಲಾಸಿಲ್ಲ, ಹೋಗ್ರಪ್ಪಾ ಹೋಗಿ" ಎಂದು ಇಡೀ ಬ್ಯಾಚನ್ನು ಸಿನಿಮಾಕ್ಕೆ ಕಳಿಸಿದೆ. ಅವರು ರಜೆ ಹಾಕಿರಲಿಲ್ಲ; ನನ್ನ ಬೆನ್ನ ಹಿಂದೆಯೇ ನಿಂತಿದ್ದರು. "ಸುಧನ್ವ, ನಿನ್ನಂಥವರಿಗೇ ಅಂತ ಒಂದು ಊರಿದೆ" ಎಂದರು. ಶಿಕ್ಷೆಯೋ ಬಡ್ತಿಯೋ ನನಗೆ ಇವತ್ತಿಗೂ ತಿಳಿದಿಲ್ಲ. ಆದೇಶದಲ್ಲಿ ಕ್ಷೇತ್ರಕಾರ್ಯ ಎಂದಿದ್ದುದನ್ನು ಓದಿದ ನನ್ನಮ್ಮ, "ಯಾವ ಕ್ಷೇತ್ರಾನೋ? ಯಾರಾದ್ರೂ ಈ ಕಡೆ ಬಂದ್ರೆ ಪ್ರಸಾದ ಕೊಟ್ಟು ಕಳಿಸು" ಎಂದಳು.

ಆ ಊರಿನ ಆರೋಗ್ಯಾಧಿಕಾರಿ ಡಾಕ್ಟರ್ ಕುಮುದಿನಿ ಮೇಡಂ. ಸಣ್ಣ ಆಳು, ದೊಡ್ಡ ಕೊಡೆ, ದವಡೆಯಲ್ಲಿ ಸದಾ ಒಂದು ಲವಂಗ. ಮೊದಲ ದಿನವೇ ನನ್ನನ್ನು ಕೆಮ್ಮಿನ ಒಬ್ಬ ಅಗಸರ ಮುದುಕನ ಎದುರು ಕೂರಿಸಿ, "ಈ ದನಿ ಹಿಡಿ" ಎಂದರು. ಟೇಪ್ ರೆಕಾರ್ಡರಿನಲ್ಲಿ ಹಿಡಿದರೆ ಕಾಯಿಲೆಯವರ ಸ್ವಂತ ದನಿ ಮಾತ್ರ ಬರುತ್ತಿತ್ತು. ಆದ್ದರಿಂದ ಬಂದ ದನಿಯನ್ನು ಗಂಟಲಲ್ಲಿ ಹೊತ್ತು ಮನೆಮನೆಗೆ ಒಯ್ದು, "ಇದು ಯಾರದು ಅಂತ ಗೊತ್ತಾ?" ಎಂದು ಕೇಳುವುದಕ್ಕೆ ಒಬ್ಬ ಮನುಷ್ಯ ಬೇಕಾಗಿತ್ತು. ಅವನನ್ನು ದನಿಗ ಎನ್ನುತ್ತಿದ್ದರು. ನಾನು ಮುದುಕನ ಬಾಯಿಂದ ಬರುತ್ತಿದ್ದ ಹೆಂಗಸಿನ ದನಿಯನ್ನು ಹಿಡಿದು, ಸ್ವಲ್ಪ ಬಿನ್ನಾಣವನ್ನೂ ಸೇರಿಸಿ ಒಪ್ಪಿಸಿದೆ. ಮೇಡಂ ಲವಂಗ ಕಚ್ಚಿದರು. "ಇರೋದಷ್ಟೇ ಸಾಕು. ನೀನು ಉಪ್ಪುಕಾರ ಹಾಕಿದ್ರೆ ಪಾಪದೋರ ಮನೆಗೆ ಗಂಜಿ ಕೇಳ್ಕೊಂಡು ಹೋಗ್ಬೇಕಾಗತ್ತೆ."

ವಿಚಿತ್ರವೆಂದರೆ ಅವರಿಗೆ ದನಿಯ ಮೇಲೆ ಅಷ್ಟೇನೂ ನಂಬಿಕೆಯಿರಲಿಲ್ಲ. "ಮೊದಲು ಏನು ತಿಂದ್ರಿ, ಎಲ್ಲಿ ನೀರು ಕುಡಿದ್ರಿ ಕೇಳು. ದನಿ ಆಮೇಲೆ. ದನಿ ಸಿಕ್ಕಿದ ತಕ್ಷಣ ಕಿವಿ ಹಬ್ಬ ಮಾಡತ್ತೆ, ತಲೆ ರಜಾ ಹಾಕತ್ತೆ" ಎನ್ನುತ್ತಿದ್ದರು. ಅವರ ಕೊಡೆಯ ನೆರಳಿನಲ್ಲಿ ಓಣಿ ಓಣಿ ಸುತ್ತುತ್ತ ನಾನು ಕಲಿತದ್ದನ್ನು ಯಾವ ಸಂಸ್ಥೆಯೂ ಕಲಿಸಲಿಲ್ಲ: ಚಪ್ಪಲಿ ಬಿಟ್ಟು ಒಳಗೆ ಹೋಗುವುದು, ಕೊಟ್ಟ ಕಾಫಿಯನ್ನು ಕುಡಿಯುವುದು, ಮೊದಲು ಮೊಮ್ಮಕ್ಕಳ ಸುದ್ದಿ ಕೇಳಿ ಆಮೇಲೆ ಭೇದಿಯ ಸುದ್ದಿ ಕೇಳುವುದು. ಕೆಲಸ ಮುಗಿದ ಮೇಲೆ ದನಿಗ ಹೊತ್ತ ದನಿಯನ್ನು ಇಳಿಸಬೇಕು. ಯಾರ ದನಿಯೋ ಅವರ ಮನೆಯ ಹೊಸ್ತಿಲ ಹೊರಗೆ ನಿಂತು, ಅವರೇ ಕೊಟ್ಟ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗುಳಿದರೆ ಇಳಿಯಿತು. ಆಮೇಲೆ ಆ ದನಿಯನ್ನು ಅವನು ತಮಾಷೆಗೂ ಎತ್ತುವಂತಿಲ್ಲ.

ನನಗೆ ಬಾಡಿಗೆಗೆ ಸಿಕ್ಕಿದ್ದು ಶಾಂತವೀರಯ್ಯನವರ ಮನೆಯ ಮುಂದಿನ ಕೋಣೆ. ಅವರು ಪುರಸಭೆಯ ನೀರುಗಂಟಿ. ಬೀದಿ ಬೀದಿಯ ವಾಲ್ವು ತಿರುಗಿಸಿ ನೀರು ಬಿಡುವ ಕೆಲಸ. ಊರೆಲ್ಲ ಅಯ್ನೋರು ಎಂದು ಕರೆಯುತ್ತಿತ್ತು, ನಾನೂ ಹಾಗೇ ಕರೆದೆ. ನನ್ನ ಹುದ್ದೆಯ ಹೆಸರು ಅವರ ಬಾಯಿಗೆ ಹೊಂದಲಿಲ್ಲವಾಗಿ, ಸಾಂಕ್ರಾಮಿಕವನ್ನು ಮಡಚಿ "ಸಂಕ್ರಾಂತಿ ಸಾಹೇಬ್ರು" ಎಂದು ನನ್ನನ್ನು ಕರೆದರು. ಅವರ ಹೆಂಡತಿ ಚೆನ್ನಾಜಮ್ಮ ಮದುವೆಮನೆಗಳ ಅಡಿಗೆಗೆ ಹೋಗುವವರು. ಅವರಿಗೆ ದನಿಯಿರಲಿಲ್ಲ. ಬೇರೆ ಊರಿನಲ್ಲಿದ್ದಾಗ ಕುತ್ತಿಗೆಯ ಗಂಟಿಗೆ ಆಪರೇಷನ್ ಆಗಿ, ಗಂಟಿನ ಜೊತೆ ದನಿಯೂ ಹೋಯಿತಂತೆ. ಈ ಊರಿಗೆ ಬಂದದ್ದೇ ಆಮೇಲೆ. ಕುತ್ತಿಗೆಯಲ್ಲಿ ಸರದ ಹಾಗೆ ಒಂದು ಗೆರೆ ಇತ್ತು. ಮಾತಾಡಬೇಕಾದರೆ ಕೈ, ಹುಬ್ಬು, ಸೌಟು, ಎಲ್ಲವೂ ಮಾತಾಡುತ್ತಿದ್ದವು; ತೀರಾ ಉದ್ದದ ಮಾತಿದ್ದರೆ ಅಡಿಗೆಮನೆಯ ಗೂಟದಲ್ಲಿ ನೇತುಹಾಕಿದ ಸ್ಲೇಟು. ನಾನು ಊಟಕ್ಕೆ ಹೊರಗೆ ಹೋಗುತ್ತೇನೆಂದು ಮೊದಲ ದಿನ ಹೇಳಿದಾಗ ಅವರು ಸೌಟಿನಿಂದ ಬಾಗಿಲನ್ನೊಮ್ಮೆ, ನನ್ನ ಹೊಟ್ಟೆಯನ್ನೊಮ್ಮೆ ತೋರಿಸಿ, ಆಮೇಲೆ ಎಲೆ ಹಾಕಿದರು. ಆ ದಿನದಿಂದ ನಾನು ಅವರನ್ನು ಅಮ್ಮ ಎಂದೇ ಕರೆದೆ. ಅವರ ಕೋಸಂಬರಿ ಊರಿಗೇ ಹೆಸರಾಗಿತ್ತು. ಹೆಸರುಬೇಳೆ, ಎಳೆ ಸೌತೆಕಾಯಿ, ಕಾಯಿತುರಿ, ನಿಂಬೆಹುಳಿ; ದೊಡ್ಡ ಹಿತ್ತಾಳೆ ಬೋಗುಣಿಯಲ್ಲಿ ಮೊಣಕೈ ತನಕ ಕೈಹಾಕಿ ಕಲಸುತ್ತಿದ್ದರು. ಅವರು ಬರುವುದಿಲ್ಲವೆಂದರೆ ಮುಹೂರ್ತವನ್ನೇ ಮುಂದೆ ಹಾಕಿದ ಬೀಗರಿದ್ದರು.

ಮದುವೆಗಳ ತಿಂಗಳು ಬಂತು. ಅದರ ಹಿಂದೆಯೇ ಜ್ವರವೂ ಬಂತು. ಬಿಡದ ಜ್ವರ, ತಲೆನೋವು, ಹೊಟ್ಟೆ ಕಲ್ಲಾಗುವುದು: ಟೈಫಾಯ್ಡ್. ಮೊದಲು ಆಸ್ಪತ್ರೆಗೆ ಬಂದವರು ಹೆಡ್ ಕಾನ್‌ಸ್ಟೇಬಲ್ ದಾಸೇಗೌಡರು. ಮಂಚದ ತುಂಬ ಮಲಗಿದ್ದ ಆ ಮೀಸೆಯ ಆಳು ಬಾಯಿ ತೆರೆದರೆ ನಡುವಯಸ್ಸಿನ ಹೆಂಗಸಿನ ದನಿ. ಸ್ವಲ್ಪ ಮೂಗಿನಲ್ಲಿ ಹಾದು, ಮಾತಿನ ತುದಿಯಲ್ಲಿ ಮೇಲಕ್ಕೆದ್ದು, ಪ್ರೀತಿಯಿಂದ ಬೈಯುತ್ತಿರುವ ಹಾಗೆ. "ನೀರು ಕೊಡ್ರೋ" ಎಂದರೆ ವಾರ್ಡಿನಲ್ಲಿದ್ದವರೆಲ್ಲ ಎದ್ದು ನೀರಿಗೆ ಓಡುತ್ತಿದ್ದರು. ಅವರ ಬೆನ್ನಿಗೇ ಒಬ್ಬ ಟೈಲರು, ಇಬ್ಬರು ಮೇಷ್ಟ್ರುಗಳು, ಅಕ್ಕನ ಮದುವೆ ಮುಗಿಸಿ ಮೆಹಂದಿ ಇನ್ನೂ ಮಾಸದ ಇಂದುಶ್ರೀ ಎಂಬ ಕಾಲೇಜು ಹುಡುಗಿ. ಎಲ್ಲರ ಬಾಯಲ್ಲೂ ಅದೇ ದನಿ. ಯಾರದೆಂದು ಯಾರಿಗೂ ಗೊತ್ತಿಲ್ಲ. ಊರು ಅದಕ್ಕೆ ಬಾಯಿಬಡುಕಿ ಜ್ವರ ಎಂದು ಹೆಸರಿಟ್ಟಿತು. ಇಂದುಶ್ರೀ ಮಾತ್ರ ಮಂಚದ ಮೇಲೂ ತುಂಟಿ. "ಸಾರ್, ಈ ದನೀಲಿ ಬೈಯೋಕೆ ಎಷ್ಟು ಚೆನ್ನಾಗಿ ಬರತ್ತೆ ಗೊತ್ತಾ? ವಾಸಿ ಆದ್ಮೇಲೂ ಇಟ್ಕೋಬಹುದಾ?" ಎಂದು ನನ್ನನ್ನು ಕೇಳಿದಳು.

ಮೇಡಂ ಮೊದಲು ನೀರಿನ ಹಿಂದೆ ಬಿದ್ದರು. ಶಾಂತವೀರಯ್ಯನವರು ಕೆರಳಿದರು. "ನನ್ನ ನೀರಿಗೆ ದನಿ ಇದ್ದಿದ್ರೆ ಅದೇ ಬಂದು ಸಾಕ್ಷಿ ಹೇಳೋದು, ಸಂಕ್ರಾಂತಿ ಸಾಹೇಬ್ರೇ. ಹಿಡ್ಕೊಂಡ್ ಹೋಗಿ, ಪರೀಕ್ಷೆ ಮಾಡ್ಸಿ." ಮಾಡಿಸಿದೆವು. ನೀರು ಶುದ್ಧವಾಗಿತ್ತು. ನಾನು ದನಿ ಹೊತ್ತು ಹೊರಟೆ. ಬಾಗಿಲು ತಟ್ಟಿ, ಆ ಹೆಂಗಸಿನ ದನಿಯಲ್ಲಿ "ನೀರು ಕೊಡ್ರೋ" ಎಂದರೆ ಕೆಲವರು ನಿಜವಾಗಿಯೂ ನೀರು ತಂದುಕೊಟ್ಟರು. ರೈಸ್‌ಮಿಲ್ಲಿನ ಒಬ್ಬರು ತೀರಿಹೋದ ಅತ್ತೆಯೇ ಬಂದರೆಂದು ಹಿತ್ತಲ ಬಾಗಿಲಿನಿಂದ ಓಡಿದರು. ವಿಚಾರಿಸಿದರೆ ಆ ಅತ್ತೆಗೆ ಟೈಫಾಯ್ಡ್ ಯಾವತ್ತೂ ಬಂದಿರಲಿಲ್ಲ, ಅಳಿಯನ ಮೇಲೆ ಸಿಟ್ಟು ಮಾತ್ರ ಇತ್ತು. "ಇದು ನಮ್ಮೂರಿನ ದನಿ ಅಲ್ಲ ಬಿಡಿ" ಎಂದು ಎಲ್ಲರೂ ಕೈಯಾಡಿಸಿದರು.

ದನಿ ಮಾಸದಿರಲೆಂದು ನಾನು ಹಿತ್ತಲಿನ ಕರಿಬೇವಿನ ಗಿಡದ ಹತ್ತಿರ ನಿಂತು ದಿನಾ ಅಭ್ಯಾಸ ಮಾಡುತ್ತಿದ್ದೆ. ಒಂದು ಸಂಜೆ ಚೆನ್ನಾಜಮ್ಮ ಕರಿಬೇವು ಕೀಳಲು ಬಂದವರು ನಿಂತು ಕೇಳಿದರು. ನಾನು ಹುರುಪಿನಿಂದ ಇನ್ನಷ್ಟು ಮಾತಾಡಿದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊಟ್ಟೆ ಹಿಡಿದು ನಕ್ಕರು, ದನಿಯಿಲ್ಲದ ಬರೀ ಉಸಿರಿನ ನಗು. ಆಮೇಲೆ ಕೈಯನ್ನು ಬಾತುಕೋಳಿಯ ಕೊಕ್ಕಿನ ಹಾಗೆ ಪಟಪಟ ಬಡಿದು, ಹುಬ್ಬು ಹಾರಿಸಿ ಕೇಳಿದರು: ಯಾರಿವಳು ಈ ಬಾಯಿಬಡುಕಿ? "ಅದನ್ನೇ ಹುಡುಕ್ತಾ ಇದೀನಮ್ಮ" ಎಂದೆ. ಬಚ್ಚಲ ಬಾಗಿಲಲ್ಲಿ ಕೈಕಾಲು ತೊಳೆಯುತ್ತಿದ್ದ ಶಾಂತವೀರಯ್ಯನವರು ತಲೆ ಎತ್ತಲಿಲ್ಲ. ತೊಳೆದ ಕಾಲನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದರು.

ಆ ವಾರ ಮೇಡಂ ನನ್ನ ಕಿವಿ ಹಿಂಡಿದರು. "ಕಾಯಿಲೆ ಬಂದೋರನ್ನ ಎಷ್ಟು ಕೇಳ್ತೀಯ? ಬರದೇ ಇದ್ದೋರನ್ನ ಕೇಳಿದ್ಯಾ?" ಕಾಯಿಲೆಯವರೆಲ್ಲ ಮದುವೆ ಊಟ ಉಂಡವರೆಂದು ಆಗಲೇ ತಿಳಿದಿತ್ತು. ಅದೇ ಮದುವೆಗಳಲ್ಲಿ ಉಂಡೂ ಗಟ್ಟಿಮುಟ್ಟಾಗಿದ್ದವರ ಮನೆಗೆ ಹೋದೆ. ಒಬ್ಬರು ಹಲ್ಲಿಲ್ಲದ ಅಜ್ಜ. ಅಗಿಯಲು ಬಾರದ್ದನ್ನೆಲ್ಲ ಎಲೆಯ ತುದಿಗೆ ತಳ್ಳಿದ್ದರು. ಮಿಕ್ಕವರು ಕೊನೆಯ ಪಂಕ್ತಿಯವರು, ಇನ್ನೂ ಸಿಟ್ಟಿನಲ್ಲಿದ್ದರು. "ಏನ್ ಊಟಾನ್ರೀ ಅದು! ನಾವು ಕೂರೋ ಹೊತ್ಗೆ ಕೋಸಂಬರಿ ಬಳಿದು ಹಾಕಿಬಿಟ್ಟಿದ್ರು. ಬೀಗರಾದ ನಮಗೇ ಇಲ್ಲ ಅಂದ್ರೆ!" ಕೋಸಂಬರಿ ಸಿಗಲಿಲ್ಲವೆಂದು ಬೈದುಕೊಂಡವರೆಲ್ಲ ಆರೋಗ್ಯವಾಗಿದ್ದರು. ಒಲೆ ಕಾಣದೆ ಎಲೆಗೆ ಬರುವ ಪದಾರ್ಥ ಅದೊಂದೇ. ಅದನ್ನು ಕಲಸುವ ಕೈ ಎಲ್ಲ ಮದುವೆಗಳಲ್ಲೂ ಒಂದೇ.

ಮನೆಗೆ ನಡೆದು ಬರುವಾಗ ನಾನು ನನಗೇ ವಾದ ಹೂಡಿದೆ. ಅಮ್ಮ ಒಂದು ದಿನವೂ ಮಲಗಿದವರಲ್ಲ. ಕೆಲವರೊಳಗೆ ರೋಗಾಣು ಬಾಡಿಗೆ ಕೊಡದ ಬಿಡಾರದವನ ಹಾಗೆ ಸದ್ದಿಲ್ಲದೆ ಉಳಿದುಬಿಡುತ್ತದೆಂದು ಓದಿದ್ದೆ, ನಿಜ. ಆದರೆ ಅಮ್ಮನಿಗೆ ದನಿಯೇ ಇಲ್ಲವಲ್ಲ! ನಾವು ದನಿಗರ ಕಸುಬೇ ಹಾಗೆ. ಮಾತಾಡುವವರ ಮನೆಯನ್ನೆಲ್ಲ ತಟ್ಟಿದ್ದೆವು. ಮಾತಾಡದವರ ಹೆಸರು ನಮ್ಮ ಯೋಚನೆಯಲ್ಲೇ ಇರಲಿಲ್ಲ.

ಶಾಂತವೀರಯ್ಯನವರು ಹಿತ್ತಲ ಕಲ್ಲುಚಪ್ಪಡಿಯ ಮೇಲೆ ಕೂತಿದ್ದರು. ಚೆನ್ನಾಜಮ್ಮ ಭಾನುವಾರದ ಮದುವೆಯ ಸಾಮಾನು ಬರೆಸಲು ಹೋಗಿದ್ದರು. "ಏನ್ ಸಾಹೇಬ್ರೇ, ಇವತ್ತು ಅಭ್ಯಾಸ ಇಲ್ವಾ?" ಎಂದರು. ಸುಮ್ಮನೆ ಒಂದು ಸಲ "ನೀರು ಕೊಡ್ರೋ" ಎಂದೆ. ಅವರು ತಲೆಯಾಡಿಸಿದರು. "ಊಹ್ಞೂ. ಕೊನೇಲಿ ಮೇಲಕ್ಕೆ ಎತ್ಬೇಕು, ಆದ್ರೆ ಕಿರುಚ್ಬಾರ್ದು. ಈಗ ಹಿಂಗನ್ನಿ: 'ಏನೂಂದ್ರೆ, ಎಲೆ ಹಾಕಿದೀನಿ, ಬರ್ತೀರೋ ಇಲ್ವೋ?'" ನಾನು ಅಂದೆ. "ಹತ್ರ ಬಂತು. 'ಬರ್ತೀರೋ' ಅನ್ನೋವಾಗ ಒಳಗೆ ನಗು ಇರ್ಬೇಕು. 'ಇಲ್ವೋ' ಅನ್ನೋವಾಗ ಸೌಟು ಕುಟ್ಟಿದ ಹಾಗೆ." ಇನ್ನೊಂದು ಸಲ ಅಂದೆ. ಅವರು ಕಣ್ಣು ಮುಚ್ಚಿಕೊಂಡರು. "ಹಾಂ" ಎಂದರು, ತುಂಬ ಮೆಲ್ಲಗೆ.

ಆಗ ನನಗೆ ಹೊಳೆಯಿತು: ವಾರ್ಡಿನಲ್ಲಿ ಯಾರೂ ಎಲೆ ಹಾಕಿದ ಮಾತೆತ್ತಿರಲಿಲ್ಲ. "ಅಯ್ನೋರೇ, ಈ ದನಿ ನಿಮಗೆ ಹೇಗೆ ಗೊತ್ತು?" ಎಂದೆ.

ಅವರು ಕಣ್ಣು ತೆರೆದರು. "ಆಪರೇಷನ್ನಿಗೆ ಮುಂಚೆ ನಮ್ಮನೇಲಿ ರೇಡಿಯೋ ಇರ್ಲಿಲ್ಲ ಸಾಹೇಬ್ರೇ. ಬೇಕಾಗಿರ್ಲಿಲ್ಲ. ಬೆಳಿಗ್ಗೆ ಎದ್ದರೆ ಶುರು. ಹಾಲಿನೋನ ಮೇಲೆ, ಕಾಗೆ ಮೇಲೆ, ನನ್ನ ಮೇಲೆ. 'ಒಂದು ಗಳಿಗೆ ಸುಮ್ನಿರೇ ಮಾರಾಯ್ತಿ' ಅಂತ ಎಷ್ಟು ಸಲ ಅಂದಿದೀನೋ. ಆಮೇಲೆ ಸುಮ್ನಾದ್ಲು ನೋಡಿ." ಅಂಗೈಯನ್ನು ಮಂಡಿಗೆ ಉಜ್ಜಿಕೊಂಡರು. "ದಾಸೇಗೌಡ್ರ ಬಾಯಲ್ಲಿ ಮೊದಲ ಸಲ ಕೇಳ್ದಾಗ ಅವರ ಮೀಸೆ ಕಾಣ್ಬಾರ್ದು ಅಂತ ಕಣ್ಣು ಮುಚ್ಕೊಂಡು ಕೂತೆ. ಜ್ವರಕ್ಕೆ ಆಪರೇಷನ್ ಆಗಿರೋದು ಗೊತ್ತೇ ಇಲ್ಲ ಸಾಹೇಬ್ರೇ. ಹಳೇ ದನೀನೇ ತಂದುಕೊಟ್ಟಿದೆ."

"ಅಮ್ಮನಿಗೆ ಗೊತ್ತಾಗ್ಲಿಲ್ವಲ್ಲ? ನನ್ನೆದುರಿಗೇ ನಕ್ಕರು."

"ಬೇರೆಯೋರ ಬಾಯಲ್ಲಿ ತನ್ನ ದನಿ ಬಂದ್ರೆ ಯಾರಿಗೆ ಗೊತ್ತಾಗತ್ತೆ? ನಿಮ್ಮ ದನಿ ಬಂದ್ರೆ ನಿಮಗೂ ಗೊತ್ತಾಗಲ್ಲ." ಆಮೇಲೆ ನನ್ನ ಮೊಣಕೈ ಹಿಡಿದುಕೊಂಡರು. "ಇನ್ನೊಂದು ವಾರ ಬಿಟ್ಬಿಡಿ. ಆ ಹುಡುಗಿ ಇಂದುಶ್ರೀ ಹತ್ರ ದಿನಾ ಹೋಗಿ ಕೂರ್ತೀನಿ. ಮಾತಾಡಿಸ್ತೀನಿ, ಮಾತಾಡ್ತಾಳೆ. ಅಷ್ಟೇ. ಮದ್ದು ಕೊಟ್ಟು ನಮ್ಮನೆಯೋಳನ್ನ ಸರಿ ಮಾಡಿದ್ರೆ ಆ ದನಿ ಇನ್ನೆಲ್ಲೂ ಇರಲ್ಲ. ಅಲ್ದೆ, ನಿನ್ನ ಕೈಯಿಂದ ಹಿಂಗಾಯ್ತು ಅಂದ್ರೆ ಅವಳು ಆ ಕೈ ಏನು ಮಾಡ್ಕೋತಾಳೋ."

ಅಷ್ಟರಲ್ಲಿ ಚೆನ್ನಾಜಮ್ಮ ಬಂದು, ನಮ್ಮಿಬ್ಬರ ಮುಖ ನೋಡಿ, ಯಾರಾದರೂ ಸತ್ತರಾ ಎಂದು ಹುಬ್ಬಿನಲ್ಲೇ ಕೇಳಿ, ಎಲೆ ಹಾಕಿದರು. ಭಾನುವಾರ ಆ ಕೈ ಮತ್ತೆ ಬೋಗುಣಿಗೆ ಇಳಿಯುವುದಿತ್ತು. ನಾನು ಅನ್ನವನ್ನು ಎಲೆಯ ಮೇಲೆ ಕಲಸುತ್ತಲೇ ಕೂತೆ. ಅವರು ಮಜ್ಜಿಗೆ ಬಡಿಸಿ ನನ್ನ ಹಣೆ ಮುಟ್ಟಿ ನೋಡಿದರು.

ಮರುದಿನ ಮೇಡಂ ಕಚೇರಿಯ ಮೆಟ್ಟಿಲ ತನಕ ಹೋದೆ, ಹತ್ತಲಾಗಲಿಲ್ಲ. ಜಗತ್ತಿನ ಯಾರ ದನಿಯನ್ನಾದರೂ ಎತ್ತಬಲ್ಲ ನನಗೆ ಅವತ್ತು ನನ್ನ ದನಿಯೇ ಏಳಲಿಲ್ಲ. ಪಕ್ಕದ ವಾರ್ಡಿಗೆ ಹೋದೆ. ಇಂದುಶ್ರೀ ತಮಾಷೆ ನಿಲ್ಲಿಸಿದ್ದಳು. ಹೊಟ್ಟೆ ಉಬ್ಬಿ ಬಿಗಿದಿತ್ತು. ಕರುಳು ತೂತಾಗಿದೆಯೆಂದು ಸರ್ಜನ್ನರಿಗೆ ಹೇಳಿ ಕಳಿಸಿದ್ದರು. ಶಾಂತವೀರಯ್ಯನವರು ಮಂಚದ ಪಕ್ಕ ಸುಲಿದ ಕಿತ್ತಳೆ ಹಿಡಿದು ನಿಂತಿದ್ದರು. ಅವಳನ್ನು ಸ್ಟ್ರೆಚರಿಗೆ ಎತ್ತುವಾಗ ಅವಳು ಆ ದನಿಯಲ್ಲಿ ಕೂಗಿದಳು. "ಅಮ್ಮಾ, ಬೇಡಮ್ಮಾ, ಕೊಯ್ಯೋದು ಬೇಡಮ್ಮಾ." ಅವಳ ತಾಯಿ ಜೊತೆಯಲ್ಲಿ ಓಡಿದರು. ಬಾಗಿಲು ಮುಚ್ಚಿಕೊಂಡಿತು.

ಶಾಂತವೀರಯ್ಯನವರು ಗೋಡೆಗೆ ಒರಗಿ ಕೂತುಬಿಟ್ಟರು. ಕಿತ್ತಳೆ ಕೈಯಲ್ಲೇ ಹಿಸುಕಿ ಹೋಗಿತ್ತು. "ಇದೇ ದನೀಲಿ ಇದೇ ಮಾತು ಒಂದ್ಸಲ ಕೇಳಿದೀನಿ" ಎಂದರು. "ಆಪರೇಷನ್ ದಿವಸ. ಅವಳು ಆಡಿದ ಕಡೇ ಮಾತು ಅದೇ. ಇನ್ನೊಂದು ಸಲ ಬೇಡ." ಎದ್ದು ಪಂಚೆ ಕೊಡವಿಕೊಂಡರು. "ನಡೀರಿ, ನಿಮ್ಮ ಮೇಡಂ ಎಲ್ಲಿದಾರೆ?" ಮೆಟ್ಟಿಲನ್ನು ಅವರು ಮೊದಲು ಹತ್ತಿದರು, ನಾನು ಅವರ ಹಿಂದೆ.

ಮೇಡಂ ಎಲ್ಲವನ್ನೂ ಕೇಳಿ, ಯಾರನ್ನೂ ಬೈಯದೆ, ಕೊಡೆ ಎತ್ತಿಕೊಂಡು ನಮ್ಮ ಜೊತೆ ಮನೆಗೆ ಬಂದರು. ಚೆನ್ನಾಜಮ್ಮ ಕಾಫಿ ಕೊಟ್ಟರು; ಮೇಡಂ ಲವಂಗ ತೆಗೆದಿಟ್ಟು ಕುಡಿದರು. ಆಮೇಲೆ ವಿಷಯ ಹೇಳಿದರು. ಚೆನ್ನಾಜಮ್ಮ ನಕ್ಕರು. ತಮ್ಮ ಕುತ್ತಿಗೆಯ ಗೆರೆಯನ್ನು ತೋರಿಸಿ, ಗಾಳಿಯಲ್ಲಿ ಅಂಗೈ ಅಡ್ಡಡ್ಡ ಆಡಿಸಿ, ನನಗೆ ದನಿಯೇ ಇಲ್ಲವಲ್ಲ ಡಾಕ್ಟ್ರೇ ಎಂದರು. "ಸುಧನ್ವ, ಆ ದನಿ ಎತ್ತು" ಎಂದರು ಮೇಡಂ. ನಾನು ಎತ್ತಿದೆ. "ಏನೂಂದ್ರೆ, ಎಲೆ ಹಾಕಿದೀನಿ, ಬರ್ತೀರೋ ಇಲ್ವೋ?" ಚೆನ್ನಾಜಮ್ಮ ಮತ್ತೆ ಬಾತುಕೋಳಿಯ ಕೊಕ್ಕು ಮಾಡಲು ಕೈ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು. ಗೋಡೆಯ ಕಡೆ ತಿರುಗಿ ನಿಂತಿದ್ದ ಗಂಡನ ಹೆಗಲು ಕುಲುಕುತ್ತಿತ್ತು. ಅವರು ಗಂಡನನ್ನು ನೋಡಿದರು, ನನ್ನ ಬಾಯನ್ನು ನೋಡಿದರು. ಕೈ ನಿಧಾನವಾಗಿ ತಮ್ಮ ಕುತ್ತಿಗೆಗೆ ಹೋಯಿತು. ಇನ್ನೊಂದು ಸಲ ಎಂದು ಬೆರಳು ತೋರಿಸಿದರು. ಹೇಳಿದೆ. ಇನ್ನೊಂದು ಸಲ. ಹೇಳಿದೆ.

ಆಮೇಲೆ ತಮ್ಮ ಎರಡೂ ಅಂಗೈಗಳನ್ನು ತುಂಬ ಹೊತ್ತು ನೋಡಿಕೊಂಡರು. ಒಳಗೆ ಹೋಗಿ ಹಿತ್ತಾಳೆ ಬೋಗುಣಿಯನ್ನು ಎರಡು ಕೈಯಲ್ಲಿ ಹೊತ್ತು ತಂದು ಮೇಡಂ ಕಾಲ ಹತ್ತಿರ ಇಟ್ಟರು. ಸ್ಲೇಟು ತಂದು ಬರ ಬರ ಬರೆದರು: ಇಂದುಶ್ರೀ ಹೇಗಿದ್ದಾಳೆ? "ಹೊಲಿಗೆ ಹಾಕ್ತಿದಾರೆ. ಉಳೀತಾಳೆ ಅನ್ಸತ್ತೆ" ಎಂದರು ಮೇಡಂ. ಚೆನ್ನಾಜಮ್ಮ ಒರೆಸಿ ಮತ್ತೆ ಬರೆದರು: ಗಂಜಿ ಕಳಿಸಬಹುದಾ? ಈ ಕೈಯಿಂದ? ಮೇಡಂ ಅವರ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು. "ಗಂಜಿ ಕುದಿಯತ್ತೆ ಚೆನ್ನಾಜಮ್ಮ. ಕುದ್ದದ್ದಕ್ಕೆ ಭಯ ಇಲ್ಲ. ಸೋಪು ಹಾಕಿ ತೊಳ್ಕೊಂಡು ಧಾರಾಳವಾಗಿ ಮಾಡಿ. ಹಂಚೋದು ಇವನು."

ಹಾಗೆ ನಾನೂ ಅಯ್ನೋರೂ ಊರಿಡೀ ದನಿಗಂಜಿ ಹೊತ್ತೆವು. ಯಾರೂ ಹೆಸರೆತ್ತಲಿಲ್ಲ. ದಾಸೇಗೌಡರು ಗಂಜಿ ಕುಡಿದು, ಅದೇ ಹೆಂಗಸಿನ ದನಿಯಲ್ಲಿ "ಉಪ್ಪು ಒಂಚೂರು ಕಮ್ಮಿ" ಎಂದು ಹೇಳಿ, ಪಾತ್ರೆಯ ತುಂಬ ಬೆಲ್ಲದ ಅಚ್ಚು ಹಾಕಿಕೊಟ್ಟರು. ಭಾನುವಾರದ ಮದುವೆ ಕೋಸಂಬರಿಯಿಲ್ಲದೆ ನಡೆಯಿತು. ಬೀಗರು ಮುನಿಸಿಕೊಂಡರು, ಆರೋಗ್ಯವಾಗಿ ಮುನಿಸಿಕೊಂಡರು. ಚೆನ್ನಾಜಮ್ಮನಿಗೆ ವಾರಗಟ್ಟಲೆ ಮಾತ್ರೆ, ಆಮೇಲೆ ಜಿಲ್ಲಾಸ್ಪತ್ರೆಯಲ್ಲಿ, ರೋಗಾಣು ಬಿಡಾರ ಹೂಡಿದ್ದ ಪಿತ್ತಕೋಶ ತೆಗೆಯುವ ಆಪರೇಷನ್. ಈ ಸಲ ಅವರು ಕೊಯ್ಯುವುದು ಬೇಡ ಎನ್ನಲಿಲ್ಲ. ಬೇಡವೆನ್ನಲು ದನಿಯೂ ಇರಲಿಲ್ಲ ಎಂದು ಸ್ಲೇಟಿನಲ್ಲಿ ತಮಾಷೆ ಬರೆದು ನನಗೆ ತೋರಿಸಿದರು.

ವಾರ್ಡಿನಲ್ಲಿ ಒಬ್ಬೊಬ್ಬರಿಗೇ ಅವರವರ ದನಿ ಬಂತು. ಉಳಿದಿದ್ದು ಇಂದುಶ್ರೀ ಒಬ್ಬಳು. ಒಂದು ಬೆಳಿಗ್ಗೆ ಅಯ್ನೋರು ಎಂದಿನಂತೆ ಕಿತ್ತಳೆ ಸುಲಿಯುತ್ತ, "ಏನವ್ವಾ, ಇವತ್ತೇನು ಸಮಾಚಾರ?" ಎಂದರು. ಅವಳು ಕಣ್ಣು ಬಿಟ್ಟು, ತನ್ನದೇ ಒರಟು ಒಣಗಂಟಲಲ್ಲಿ, "ಅಜ್ಜಾ, ಜ್ವರ ಬಿಟ್ಟಂಗಿದೆ" ಎಂದಳು. ಅಯ್ನೋರು ಸುಲಿದ ತೊಳೆಗಳನ್ನೆಲ್ಲ ಅವಳ ಕೈಗೆ ಹಾಕಿ, ತಲೆ ಸವರಿ, ವಾಲ್ವಿನ ಕೀಲಿ ಹೆಗಲಿಗೇರಿಸಿ ಹೊರಟುಹೋದರು. ಅವತ್ತು ನಮ್ಮ ಬೀದಿಗೆ ನೀರು ಬಿಡುವುದನ್ನು ಮರೆತರು.

ಈಗ ಆ ದನಿ ನನ್ನ ಗಂಟಲಲ್ಲಿ ಮಾತ್ರ ಇತ್ತು. ಚೆನ್ನಾಜಮ್ಮನ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಏನೂ ಸಿಗದಿದ್ದಾಗ ಮೇಡಂ ಕಡತ ಕಟ್ಟಿದರು. "ದನಿ ಇಳಿಸಿ ಬಾ" ಎಂದರು, ನನ್ನ ಮುಖ ನೋಡದೆ.

ಮಧ್ಯಾಹ್ನ ಊಟದ ಹೊತ್ತಿಗೆ ನಾನು ವಾಸವಿದ್ದ ಮನೆಯ ಹೊಸ್ತಿಲ ಹೊರಗೆ ಪರಕೀಯನ ಹಾಗೆ ನಿಂತೆ. ಚೆನ್ನಾಜಮ್ಮನಿಗೆ ಪದ್ಧತಿ ಗೊತ್ತಿತ್ತು. ಉಪ್ಪುನೀರಿನ ಲೋಟ ತಂದರು. ಕೊಡಲು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು. ಒಳಗೆ ಕೈ ತೋರಿಸಿದರು. ನಡುಮನೆಯಲ್ಲಿ ಎಲೆ ಹಾಕಿತ್ತು. ಆಮೇಲೆ ಹಿತ್ತಲ ಕಡೆ ತೋರಿಸಿದರು. ಅಯ್ನೋರು ಅಲ್ಲಿ ಸೈಕಲ್ ಒರೆಸುತ್ತಿದ್ದುದು ಕೇಳುತ್ತಿತ್ತು. ಬಾಯಿಗೆ ಬೆರಳಿಟ್ಟು, ಆ ಬೆರಳನ್ನು ನನ್ನ ಗಂಟಲಿಗೆ ತಾಗಿಸಿದರು.

ನಾನು ಕರೆದೆ. "ಏನೂಂದ್ರೆ, ಎಲೆ ಹಾಕಿದೀನಿ, ಬರ್ತೀರೋ ಇಲ್ವೋ?"

"ಬಂದೆ ಕಣೇ, ಬಂದೆ, ಕೈ ತೊಳ್ಕೊಂಡ್ ಬಂದೆ" ಎಂಬ ಉತ್ತರ ಹಿತ್ತಲಿನಿಂದ ತಡವಿಲ್ಲದೆ ಬಂತು. ಬಚ್ಚಲಿನಲ್ಲಿ ಚೊಂಬಿನ ಸದ್ದಾಯಿತು. ಅಷ್ಟಾದ ಮೇಲೆ ಸದ್ದು ನಿಂತಿತು. ಅಯ್ನೋರು ಒದ್ದೆ ಕೈಯಲ್ಲೇ ನಡುಮನೆಯ ಬಾಗಿಲಿಗೆ ಬಂದು, ಹೊಸ್ತಿಲಾಚೆ ನಿಂತಿದ್ದ ನನ್ನನ್ನೂ, ಲೋಟ ಹಿಡಿದ ಹೆಂಡತಿಯನ್ನೂ ನೋಡಿದರು. ಹೋಗಿ ಎಲೆಯ ಮುಂದೆ ಕೂತರು. ಎಲೆಯ ಮೇಲೆ ಕಣ್ಣಾಡಿಸಿ, ಹೆಂಡತಿಯನ್ನು ನೋಡಿ, ಹಳೆಯ ಗೊಣಗಿನಲ್ಲಿ, "ಇವತ್ತೂ ಕೋಸಂಬರಿ ಇಲ್ವಾ?" ಎಂದರು. ಎಂದು, ಉತ್ತರಕ್ಕೆ ನನ್ನ ಕಡೆ ತಿರುಗಿದರು.

ನಾನು ಅಮ್ಮನನ್ನು ನೋಡಿದೆ. ಅವರು ಲೋಟದ ನೀರನ್ನು ಬಾಗಿಲ ಪಕ್ಕದ ಬಸಳೆ ಬುಡಕ್ಕೆ ಚೆಲ್ಲಿ, ಖಾಲಿ ಲೋಟದಿಂದ ಗಂಡನ ಎಲೆಯನ್ನು ತೋರಿಸಿ ಹುಬ್ಬು ಗಂಟಿಕ್ಕಿದರು.

"ಇಲ್ಲ" ಎಂದೆ, ಕೊನೆಯಲ್ಲಿ ಮೇಲಕ್ಕೆತ್ತಿ. "ಬೇಯಿಸಿದ್ದೇ ತಿನ್ನಬೇಕು ಅಂತ ಡಾಕ್ಟ್ರಮ್ಮ ಹೇಳಿಲ್ವಾ? ಸುಮ್ನೆ ಹಾಕಿದ್ದು ತಿನ್ನಿ."

ಅಯ್ನೋರು ತಲೆ ತಗ್ಗಿಸಿ ಸಾರಿಗೆ ಅನ್ನ ಕಲಸಿದರು. ಚೆನ್ನಾಜಮ್ಮ ನನಗೂ ಒಂದು ಎಲೆ ಹಾಕಿದರು.